ಮನೆ ನೋಡಲು ಹೊರಟ ನಾದಿನಿ

ಮೊನ್ನೆ ಮಾರ್ಕೆಟ್ಟಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಘಮ ಮೂಗಿಗೆ ಬಡಿದದ್ದೇ ತಡ, ನನ್ನ ನಾದಿನಿ ಕಣ್ಣೆದುರು ಬಂದಳು. ಅವತ್ತು ಜೀಪಿನಲ್ಲಿ ಅವಳ ತೊಡೆಯ ಮೇಲೆ ಇಂಥದ್ದೇ ಹಣ್ಣಿನ ಬುಟ್ಟಿ ಇತ್ತು, ಮುಖದಲ್ಲಿ ಹಟ...

ಕಮಲಾಪುರದ ಆ ಮನೆಗೆ ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾದಿನಿಗೆ ಎರಡು ಸಂಬಂಧ ಬಂದಿದ್ದವು. ಒಂದು ಹೈದರಾಬಾದಿನದು, ಹುಡುಗನಿಗೆ ಸ್ವಂತ ಫ್ಲ್ಯಾಟು. ಇನ್ನೊಂದು ಕಲಬುರಗಿಯ ಶಹಾಬಜಾರದ್ದು, ಹುಡುಗ ಕಪನೂರಿನ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಾವನವರ ಮನಸ್ಸು ಆಗಲೇ ಹೈದರಾಬಾದಿಗೆ ಹೋಗಿ ಕೂತಿತ್ತು. ನಾದಿನಿಗೆ ಮಾತ್ರ ಬೇರೆ ಚಿಂತೆ. ಜೋಳದ ರೊಟ್ಟಿ ಮಾಡಿ ಮಾರಿ ತನ್ನದೇ ಒಂದು ಧಂದೆ ನಡೆಸಬೇಕೆಂಬ ಆಸೆಯನ್ನು ನನಗೊಬ್ಬಳಿಗೇ ಹೇಳಿದ್ದಳು.

ಮಾತು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ಪದ್ಧತಿ. ಹಿರಿಯರೆಲ್ಲ ಹೋಗುತ್ತಾರೆ, ಅಲ್ಲಿ ಬಾಳುವವಳನ್ನು ಬಿಟ್ಟು! ನಾದಿನಿ ಎಲ್ಲರಿಗಿಂತ ಮೊದಲೇ ಜೀಪು ಹತ್ತಿ ಕೂತಿದ್ದಳು. ನನ್ನ ಗಂಡ ಸಿಟ್ಟಿನಿಂದ ಅವಳ ರಟ್ಟೆ ಹಿಡಿದು ಇಳಿಸಲು ಹೋದರು. ಅವಳು ಕದಲಲಿಲ್ಲ, ನನ್ನನ್ನೇ ಕರೆದಳು.

"ವೈನಿ, ನೀವೂ ಬರ್ರಿ. ನಿಮಗಂತೂ ಯಾರೂ ಮನಿ ತೋರಿಸಲಿಲ್ಲ, ನನ್ನದರೆ ನೋಡ್ರಿ."

ಗಂಡನ ಮುಖ ನೋಡಲು ಧೈರ್ಯವಾಗಲಿಲ್ಲ. ಆದರೂ ಹತ್ತಿಬಿಟ್ಟೆ.

ಹೈದರಾಬಾದಿನ ಫ್ಲ್ಯಾಟು ಥಳಥಳ ಅನ್ನುತ್ತಿತ್ತು. ಮಾವನವರು ನೆಲ ನೋಡಿದರು, ಗೋಡೆ ನೋಡಿದರು, ಹಿಗ್ಗಿದರು. ನಾದಿನಿ ನೇರ ಅಡುಗೆಮನೆಗೆ ಹೋಗಿ ಹುಡುಗನ ತಾಯಿಯನ್ನು ಕೇಳಿದಳು, "ಇಲ್ಲಿ ರೊಟ್ಟಿ ಎಲ್ಲಿ ಬಡೀತೀರ್ರೀ?"

"ಅಯ್ಯ, ಇಲ್ಲೆಲ್ಲಿ ರೊಟ್ಟಿ ತಂಗಿ? ಸಪ್ಪಳಾದ್ರ ಕೆಳಗಿನ ಮನಿಯವ್ರು ಜಗಳಕ್ಕ ಬರ್ತಾರ. ಚಪಾತಿ ಲಟ್ಟಿಸಿ ಉಣ್ತೀವಿ."

ಪಾಪ, ಆಕೆ ಒಳ್ಳೆಯ ಹೆಂಗಸೇ... ನಾದಿನಿ ಚಹಾ ಕುಡಿದು, ಕೈಮುಗಿದು ಹೊರಬಂದಳು.

ಮುಂದಿನ ವಾರ ಶಹಾಬಜಾರಿಗೆ ಹೋದೆವು. ಇಕ್ಕಟ್ಟಾದ ಗಲ್ಲಿ, ಹಳೆಯ ಮನೆ, ಗಾರೆ ಕಿತ್ತ ಗೋಡೆ. ಮಾವನವರ ಮೂಗು ಆಗಲೇ ಮೇಲೇರಿತ್ತು. ನಾದಿನಿ ಎಲ್ಲರೆದುರೇ ಹುಡುಗನನ್ನು ಕೇಳಿದಳು, "ನಾ ರೊಟ್ಟಿ ಮಾಡಿ ಮಾರಬೇಕಂತೀನಿ. ನಡೀತದೇನ್ರಿ?"

ಅವನು ಕಿವಿಯವರೆಗೆ ಕೆಂಪಾದ. "ನಮ್ಮ ವರ್ಕ್‌ಶಾಪ್ನ್ಯಾಗ ಮಂದಿ ಮಧ್ಯಾಹ್ನ ಬನ್ನು ತಿಂದು ಇರ್ತಾರ್ರೀ. ನೀವು ಮಾಡಿಕೊಟ್ರ ನಾನ ಒಯ್ತೀನಿ."

ದಾರಿಯುದ್ದಕ್ಕೂ ಮಾವನವರು ಕೂಗಾಡಿದರು. "ಹೈದರಾಬಾದ್ ಬಿಟ್ಟು ಈ ಗಲ್ಲಿಗಿ ಬರ್ತೀಯೇನ?"

"ಅಪ್ಪಾ, ಅಲ್ಲಿ ನಿಮ್ಮ ಅಳಿಯನ ಹೇಂತಿ ಆಗಿ ಕುಂದರತೀನಿ. ಇಲ್ಲಿ ನಾ ಏನರೆ ಮಾಡ್ತೀನಿ." ಹಟ ಬಿಡದೆ ಕೊನೆಗೆ ಶಹಾಬಜಾರಿಗೇ ಮದುವೆಯಾಗಿ ಹೋದಳು.

ಮಾಡಿಯೂ ತೋರಿಸಿದಳು. ಗಂಡ ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಕಪನೂರಿಗೆ ಒಯ್ದ. ಆಮೇಲೆ ಗಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ಅವಳ ಜೊತೆ ಕೂತರು. ಕೊನೆಕೊನೆಗೆ ಅವಳ ಗರಿಗರಿ ಒಣ ಕಟಕ್ ರೊಟ್ಟಿ ಬಸ್ಸು ಹತ್ತಿ ಹೈದರಾಬಾದಿಗೇ ಹೋಗುತ್ತಿತ್ತು! ಕಂಡಕಂಡ ಮದುವೆಗಳಲ್ಲಿ ಮಾವನವರು, "ಕಲಬುರಗಿಗೆ ಕೊಡಬೇಕಂತ ನಾನ ನಿಂತು ಮಾಡಿದ್ದು" ಎಂದು ಮೀಸೆ ತಿರುವುತ್ತಿದ್ದರು. ನಾದಿನಿ ನನ್ನತ್ತ ನೋಡಿ ಕಣ್ಣು ಹೊಡೆಯುತ್ತಿದ್ದಳು. ಆ ಹೆಣ್ಣು ನನ್ನ ನಾದಿನಿ ಎಂದು ಹೇಳಿಕೊಳ್ಳಲು ನನಗೆ ಈಗಲೂ ಎಷ್ಟು ಹೆಮ್ಮೆ...

ಹೋದ ವರ್ಷ ಜ್ವರದ ನೆಪ ಮಾಡಿಕೊಂಡು ಹೊರಟೇಹೋದಳು. ಇನ್ನೂ ಹೋಗುವ ವಯಸ್ಸಾಗಿರಲಿಲ್ಲ.

ಈಗ ನನ್ನ ಮಗಳಿಗೆ ಸಂಬಂಧ ಬಂದಿದೆ. ಭಾನುವಾರ ಹುಡುಗನ ಮನೆ ನೋಡಲು ಹೊರಟಿದ್ದೆವು. ನಾನು, ಮೈದುನ, ಹಿರಿಯರು ಎಲ್ಲ ಕಾರಿನಲ್ಲಿ ಕೂತಾಗಿತ್ತು. ನನ್ನ ಗಂಡ ಮಾತ್ರ ಕಾರಿನ ಬಾಗಿಲು ಹಿಡಿದು ನಿಂತೇ ಇದ್ದರು, ಅಂದು ತಂಗಿಯ ರಟ್ಟೆ ಹಿಡಿದು ಎಳೆದಿದ್ದ ಇದೇ ಮನುಷ್ಯ.

"ಹುಡುಗಿ ಎಲ್ಲಿ?" ಎಂದು ಮನೆಯತ್ತ ಕೂಗಿದರು. "ಆಕೀನ ಬಿಟ್ಟು ಮನಿ ನೋಡೋದು ಅಂದ್ರೇನು? ಆಕಿ ಬರೂತನಕಾ ಗಾಡಿ ಬಿಡಬ್ಯಾಡ್ರಿ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಈ ಮಾತು ಕೇಳಲಾದರೂ ನಾದಿನಿ ಇರಬೇಕಿತ್ತು.