ಉಡಿಯಲ್ಲಿ ಹಾಕಿ ಕಳಿಸಿದ ಚೀಟಿ

೧೯೮೯ರ ಮಳೆಗಾಲದಲ್ಲಿ ನಾನು ಒಂದು ಸರಕಾರಿ ವೈದ್ಯಕೀಯ ಕಾಲೇಜಿನ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ರೀಡರ್ ಆಗಿದ್ದೆ. ರೀಡರ್ ಎಂದರೆ ಹುದ್ದೆಯಲ್ಲಿ ಪ್ರೊಫೆಸರರಿಗಿಂತ ಒಂದು ಮೆಟ್ಟಿಲು ಕೆಳಗೆ, ಕೆಲಸದಲ್ಲಿ ಎರಡು ಮೆಟ್ಟಿಲು ಮೇಲೆ. ಆ ವರ್ಷ ಪಾಠ ಹೇಳುವವರಿಗೇ ಪಾಠ ಹೇಳುವ ಕೆಲಸ ನನ್ನ ಹೆಗಲೇರಿತು. ಕಾಲೇಜಿನ ಬೇರೆ ಬೇರೆ ವಿಭಾಗಗಳ ಆರು ಜನ ಅಧ್ಯಾಪಕರನ್ನು ಮೂರು ವಾರ ಸಿಂಧನೂರಿನಲ್ಲಿ ಇರಿಸಿಕೊಂಡು, ಹಳ್ಳಿಯ ಹೆಂಗಸರ ಆರೋಗ್ಯವನ್ನು ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕೆಂದು ತರಬೇತಿ ಕೊಡಬೇಕಿತ್ತು. ನನ್ನನ್ನೇ ಆರಿಸಿದ್ದಕ್ಕೆ ಕಾರಣ ಸರಳ. ನಾನು ಸಿಂಧನೂರಿನ ಮಗಳು, ಲಿಂಗಸುಗೂರಿನ ಸೊಸೆ. ಆ ಸೀಮೆಯ ಹೆಂಗಸರ ವಿಷಯ ಡಾಕ್ಟರ್ ಪಾರ್ವತಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂದು ನಮ್ಮ ಮುಖ್ಯಸ್ಥರು ಹೇಳಿದಾಗ ನಾನೂ ಅದನ್ನು ನಂಬಿದೆ. ನಂಬಿದ್ದು ಎಷ್ಟು ದುಬಾರಿಯಾಗುತ್ತಿತ್ತು ಎಂಬುದೇ ಈ ಕಥೆ.

ಬಂದ ಆರು ಜನರಲ್ಲಿ ಐವರಿಗೆ ಇದು ಶಿಕ್ಷೆಯ ವರ್ಗಾವಣೆಯ ಹಾಗೆ ಕಂಡಿತ್ತು. ಆರನೆಯವರು ಮೆಡಿಸಿನ್ ವಿಭಾಗದ ಡಾ. ಕೃಷ್ಣಮೂರ್ತಿ. ಮೈಸೂರು ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಪ್ರಶ್ನೆ ಕೇಳುವ ಚಟ ಮಾತ್ರ ಮೊದಲ ವರ್ಷದ ವಿದ್ಯಾರ್ಥಿಯದು. ಇವರೆಲ್ಲರನ್ನು ಮಣೆಯ ಮೇಲೆ ಕೂರಿಸಿ ಉಪನ್ಯಾಸ ಕೊಡುವುದು ನನಗೆ ಬೇಡವಾಗಿತ್ತು. ಅದಕ್ಕೇ ಒಂದು ಪದ್ಧತಿ ಮಾಡಿದ್ದೆ. ಸಿಂಧನೂರಿನ ಹತ್ತಿರದ ತುರ್ವಿಹಾಳದಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೆ ಒಬ್ಬೊಬ್ಬ ಬಸುರಿ. ವಾರಕ್ಕೊಮ್ಮೆಯಂತೆ ಮೂರು ಸಲ ಆಕೆಯನ್ನು ಪರೀಕ್ಷಿಸಬೇಕು, ಮಾತಾಡಿಸಬೇಕು, ಕಲಿತದ್ದನ್ನು ಮರುದಿನ ಸಿಂಧನೂರಿನ ತರಗತಿಯಲ್ಲಿ ಎಲ್ಲರಿಗೂ ಹೇಳಬೇಕು.

ಕಾಲುವೆಗೆ ನೀರು ಬಿಟ್ಟು ನಾಟಿ ಜೋರಾಗಿ ನಡೆದಿದ್ದ ಕಾಲ. ಹೆಂಗಸರು ಬೆಳಗಿನಿಂದ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತಿರುತ್ತಿದ್ದರು. ಅವರನ್ನು ಗದ್ದೆಯಿಂದ ಕರೆತಂದು ನಮ್ಮೆದುರು ಕೂರಿಸುತ್ತಿದ್ದವರು ಸಿದ್ದಮ್ಮ ಸಿಸ್ಟರ್. ಅವರು ಎಎನ್‌ಎಂ, ಅಂದರೆ ಮನೆಮನೆ ತಿರುಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ನರ್ಸಮ್ಮ. ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್, ಬಾಯಲ್ಲಿ ಎಲೆ ಅಡಿಕೆ, ತಲೆಯಲ್ಲಿ ಇಡೀ ಊರಿನ ಲೆಕ್ಕ.

ಕೃಷ್ಣಮೂರ್ತಿಯವರ ಪಾಲಿಗೆ ಬಂದವಳು ಗೌರಮ್ಮ. ಹತ್ತೊಂಬತ್ತರ ಹುಡುಗಿ, ಚೊಚ್ಚಲು, ಏಳು ತಿಂಗಳು ತುಂಬಿತ್ತು. ಮೊದಲ ಮಂಗಳವಾರ ಆಕೆಯ ರಕ್ತದೊತ್ತಡ ನೂರನಲವತ್ತಕ್ಕೆ ತೊಂಬತ್ತು. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ ತೆಳುವಾಗಿ ಬೆಳ್ಳಗಾಯಿತು. ಆಲ್ಬುಮಿನ್ ಹೋಗುತ್ತಿದೆ ಎಂದು ಅದರರ್ಥ. ಇವೆರಡೂ ಕೂಡಿದರೆ ಪ್ರಿ-ಎಕ್ಲಾಂಪ್ಸಿಯಾ ಎಂಬ ಕಾಯಿಲೆಯ ಶುರು. ಒತ್ತಡ ಏರುತ್ತ ಹೋದರೆ ಬಸುರಿಗೆ ಫಿಟ್ಸ್ ಬರುತ್ತದೆ, ತಾಯಿ ಮಗು ಇಬ್ಬರೂ ಕೈ ಬಿಟ್ಟು ಹೋಗಬಹುದು. ಸಮಯಕ್ಕೆ ಹಿಡಿದರೆ ಇಬ್ಬರನ್ನೂ ಉಳಿಸಿಕೊಳ್ಳಬಹುದು. ಗೌರಮ್ಮನಿಗೆ ಮಾತ್ರೆ ಕೊಟ್ಟು, ನಾಟಿಗೆ ಹೋಗಬೇಡ, ಮುಂದಿನ ಮಂಗಳವಾರ ತಪ್ಪದೆ ಬಾ ಎಂದೆವು. ಆಕೆ ತಲೆಯಾಡಿಸಿದಳು.

ಮುಂದಿನ ಮಂಗಳವಾರ ಐದು ಜನ ಬಂದರು. ಗೌರಮ್ಮ ಬರಲಿಲ್ಲ.

ಬುಧವಾರದ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಗೌರಮ್ಮನ ಹೆಸರು ಬರೆದು ಅದರ ಮುಂದೆ ದೊಡ್ಡ ಅಕ್ಷರದಲ್ಲಿ ‘ಡಿಫಾಲ್ಟರ್’ ಎಂದು ಬರೆದೆ. ಹೇಳಿದ ದಿನ ಬಾರದ ರೋಗಿಗೆ ನಮ್ಮಲ್ಲಿ ಹಾಗೆ ಅನ್ನುತ್ತಿದ್ದೆವು. ಬರೆದದ್ದಷ್ಟೇ ಅಲ್ಲ, ಅಜ್ಞಾನ, ಉದಾಸೀನ, ಅತ್ತೆಯ ಕಾಟ ಎಂದು ಕಾಲು ಗಂಟೆ ಭಾಷಣ ಬಿಗಿದೆ. ಹಿಂದಿನ ಬೆಂಚಿನಲ್ಲಿದ್ದ ಸಿದ್ದಮ್ಮ ಏನೋ ಹೇಳಲು ಎದ್ದು ನಿಂತರು. ಪಾಠ ಮುಗಿಯಲಿ ಸಿಸ್ಟರ್, ಆಮೇಲೆ ಹೇಳಿ ಎಂದು ಕೂರಿಸಿಬಿಟ್ಟೆ. ಈಗಲೂ ಆ ಮಾತು ನೆನಪಾದರೆ ಕೆನ್ನೆ ಬಿಸಿಯಾಗುತ್ತದೆ.

ಕೃಷ್ಣಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಎದುರಿನವರಿಗೆ ಕಷ್ಟ ಕಾದಿದೆ ಎಂದೇ ಲೆಕ್ಕ.

“ನೀವು ಬರೆದಿರೋದು ಕಾರಣ ಅಲ್ಲ ಮೇಡಂ, ಹಣೆಪಟ್ಟಿ. ಆ ಹುಡುಗಿ ಈಗ ಎಲ್ಲಿದ್ದಾಳೆ ಅಂತ ನಮ್ಮಲ್ಲಿ ಯಾರಿಗಾದರೂ ಗೊತ್ತಾ?”

ಯಾರಿಗೂ ಗೊತ್ತಿರಲಿಲ್ಲ. ಸಿದ್ದಮ್ಮನಿಗೆ ಗೊತ್ತಿತ್ತು. ಈಗ ಅವರನ್ನು ಯಾರೂ ಕೂರಿಸಲಿಲ್ಲ.

“ಕುಬುಸ ಆತ್ರೀ. ಶುಕ್ರವಾರ ತವರಿಗೆ ಹೋಗ್ಯಾಳ, ಮಸ್ಕಿ ಕಡೆ. ನನ್ನ ರಿಜಿಸ್ಟರು ತಾಲ್ಲೂಕಿನ ಗಡಿ ದಾಟಂಗಿಲ್ರೀ ಮೇಡಂ, ಬಸರೆಂಗಸ್ರು ದಾಟತಾರ.”

ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ತುರ್ವಿಹಾಳ ಸಿಂಧನೂರು ತಾಲ್ಲೂಕು. ಚೊಚ್ಚಲ ಬಸುರಿ ಕುಬುಸ, ಅಂದರೆ ಸೀಮಂತ, ಮಾಡಿಸಿಕೊಂಡು, ಹಸಿರು ಸೀರೆಯುಟ್ಟು, ಸೆರಗಿನ ಉಡಿಯಲ್ಲಿ ಮಡಿಲಕ್ಕಿ ತುಂಬಿಸಿಕೊಂಡು ತವರಿಗೆ ಹೋಗುವುದು ಈ ನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ. ನಾನೂ ಹಾಗೆಯೇ ಹೋಗಿದ್ದೆ. ಆದರೆ ಬಸುರಿಯನ್ನು ಅತಿ ಹೆಚ್ಚು ಕಣ್ಣಿಟ್ಟು ನೋಡಬೇಕಾದ ಕಡೆಯ ತಿಂಗಳುಗಳಲ್ಲೇ ಆಕೆ ಒಂದು ರಿಜಿಸ್ಟರಿನಿಂದ ಮಾಯವಾಗಿ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ ಎಂಬುದು, ಹದಿನಾಲ್ಕು ವರ್ಷ ಹೆರಿಗೆ ವಿಷಯ ಕಲಿಸಿದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಂದೇ ತುರ್ವಿಹಾಳಕ್ಕೆ ಹೋಗಿ ಗೌರಮ್ಮನ ಅತ್ತೆಯಿಂದ ತವರೂರಿನ ಹೆಸರು ತಿಳಿದುಕೊಂಡೆವು. ಕಾಟ ಕೊಡುವ ಅತ್ತೆ ಎಂದು ನಾನು ಭಾಷಣದಲ್ಲಿ ಬಣ್ಣಿಸಿದ್ದ ಆ ಹೆಂಗಸು, ಸೊಸೆಯನ್ನು ನಾಟಿಗೆ ಕಳಿಸಬೇಡಿ ಎಂದು ನೀವು ಹೇಳಿದ್ದಕ್ಕೇ ಗೊತ್ತುಮಾಡಿದ್ದ ದಿನಕ್ಕಿಂತ ಎರಡು ವಾರ ಮೊದಲೇ ತವರಿಗೆ ಕಳಿಸಿದೆ, ಅಲ್ಲಿ ಆರಾಮ ಇರಲಿ ಅಂತ, ಎಂದಳು. ನಮ್ಮ ಸಲಹೆಯನ್ನು ಪಾಲಿಸಿದ್ದಕ್ಕೇ ಆಕೆ ನಮ್ಮ ಕೈ ತಪ್ಪಿದ್ದಳು.

ಗುರುವಾರ ನಾನು, ಕೃಷ್ಣಮೂರ್ತಿ ಜೀಪಿನಲ್ಲಿ ಮಸ್ಕಿ ದಾಟಿ ಆ ಊರಿಗೆ ಹೋದೆವು. ಕಾಲುವೆಯ ಹಸಿರು ಮುಗಿದು ಎರೆಹೊಲ ಶುರುವಾಗುವ ಕಡೆ ಅದು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತ ಗಂಡಸರನ್ನು ತುರ್ವಿಹಾಳದ ಬಸಪ್ಪನ ಹೆಂಡತಿ ಗೌರಮ್ಮ ಎಲ್ಲಿ ಎಂದು ಕೇಳಿದೆವು. ಅವರು ಜೀಪಿನ ನಂಬರ್ ನೋಡಿದರು, ಮುಖಮುಖ ನೋಡಿಕೊಂಡರು. ಸರಕಾರಿ ಜೀಪು ಬಂತೆಂದರೆ ಸಂತಾನಹರಣ ಆಪರೇಶನ್ನಿಗೆ ಹೆಂಗಸರನ್ನು ಎತ್ತಿಕೊಂಡು ಹೋಗಲು ಬಂದಿದೆ ಎಂದೇ ಆಗಿನ ನಂಬಿಕೆ. ಕೊನೆಗೆ ಒಬ್ಬ ಎದ್ದು ಹೋಗಿ ಊರಿನಲ್ಲಿದ್ದ ಒಬ್ಬಳೇ ಗೌರಮ್ಮನನ್ನು ಕರೆತಂದ. ಆಕೆಗೆ ಎಪ್ಪತ್ತು ದಾಟಿತ್ತು, ಕೈಯಲ್ಲಿ ಕೋಲು.

“ನನ್ನ ಸೊಸೆಯಂದ್ರಿಗೇ ಮುಟ್ಟು ನಿಂತೈತಿ,” ಎಂದಳು ಮುದುಕಿ. “ನನಗ ಯಾಕ ಆಪರೇಶನ್ನು ಮಾಡಾಕ ಬಂದೀರಿ?”

ಕಟ್ಟೆಯ ಮೇಲೆ ನಗು. ನಾವೂ ನಕ್ಕೆವು. ವಿಳಾಸ ತಪ್ಪಾಗಿದೆ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ಹೊತ್ತು ಮೂರು ದಾಟಿತ್ತು, ಇಬ್ಬರಿಗೂ ಊಟವಾಗಿರಲಿಲ್ಲ. ಲಿಂಗಸುಗೂರು ಅಲ್ಲಿಂದ ಒಂದು ತಾಸಿನೊಳಗಿನ ದಾರಿ. ನಮ್ಮ ಅತ್ತೆಯವರ ಮನೆಗೆ ಹೋಗಿ ರೊಟ್ಟಿ ತಿಂದು ಸಿಂಧನೂರಿಗೆ ಮರಳೋಣ ಎಂದೆ.

ನಮ್ಮ ಅತ್ತೆ ಬಾಗಿಲಲ್ಲೇ, “ಸುಮಂಗಲಾ, ಹೇಳ್ದ ಕೇಳ್ದ ಬಂದೀಯಲ್ಲ, ಪಲ್ಯ ಏನು ಮಾಡ್ಲಿ ಈಗ?” ಎಂದು ಗದರಿಸಿದರು. ತಾಟು ಹಾಕಿದ ಮೇಲೂ ಸುಮಂಗಲಾ ಮೊಸರು ಹಾಕ್ಕೋ, ಸುಮಂಗಲಾ ಸಾಹೇಬ್ರಿಗೆ ಶೇಂಗಾ ಹಿಂಡಿ ಕೊಡು ಎಂದು ನಡೆದೇ ಇತ್ತು. ಕೃಷ್ಣಮೂರ್ತಿ ಸುತ್ತಮುತ್ತ ನೋಡಿ, ಯಾರು ಈ ಸುಮಂಗಲಾ, ಕಾಣಿಸ್ತಾನೇ ಇಲ್ಲವಲ್ಲ ಎಂದು ಕೇಳಿದರು.

ಅತ್ತೆಗೆ ಆಶ್ಚರ್ಯ. “ಇಕಿನ ರೀ. ಪಾರ್ವತಿ ಅನ್ನೂದು ತವರಮನಿ ಹೆಸರು. ಎಷ್ಟ ದೊಡ್ಡ ಡಾಕ್ಟರಾದ್ರೂ ಈ ಮನ್ಯಾಗ ನಾ ಇಟ್ಟ ಹೆಸರ.”

ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದೆ. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆ. ಗೌರಮ್ಮ ಗಂಡನ ಮನೆಯ ಹೆಸರು. ತವರಿನಲ್ಲಿ ಆ ಹೆಸರಿನ ಹುಡುಗಿ ಇರುವುದೇ ಇಲ್ಲ. ಗುಡಿ ಕಟ್ಟೆಯವರು ಸುಳ್ಳು ಹೇಳಿರಲಿಲ್ಲ, ಕೇಳಿದ ಹೆಸರಿಗಷ್ಟೇ ಉತ್ತರ ಕೊಟ್ಟಿದ್ದರು; ಗೌರಮ್ಮನ ಅತ್ತೆಯೂ ತಪ್ಪು ವಿಳಾಸ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಎರಡು ಹೆಸರು ಹೊತ್ತು ತಿರುಗಿದ ನಾನೇ ಆ ಹುಡುಗಿಯನ್ನು ಒಂದೇ ಹೆಸರಿನಿಂದ ಹುಡುಕಿದ್ದೆ. ನಾಚಿಕೆಗಿಂತ ಮೊದಲು ಹೆದರಿಕೆಯಾಯಿತು. ಆಕೆಯ ಒತ್ತಡ ನೋಡಿ ಒಂಬತ್ತು ದಿನವಾಗಿತ್ತು.

ಕೈ ತೊಳೆದು ಎದ್ದೆವು. ಉಣ್ಣುವಾಗ ಎದ್ದದ್ದಕ್ಕೆ ಬೈಯುತ್ತಲೇ ಅತ್ತೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಜೀಪಿನಲ್ಲಿಟ್ಟರು.

ಈ ಸಲ ಜೀಪನ್ನು ಊರ ಹೊರಗೆ ನಿಲ್ಲಿಸಿ, ಗಂಡಸರ ಕಟ್ಟೆಗೆ ಹೋಗದೆ, ಹೆಂಗಸರು ನೀರಿಗೆ ನಿಂತಿದ್ದ ಬೋರಿಂಗಿನ ಹತ್ತಿರ ಒಬ್ಬಳೇ ನಡೆದೆ. ಹೆಸರು ಕೇಳಲಿಲ್ಲ. ತುರ್ವಿಹಾಳಕ್ಕೆ ಕೊಟ್ಟ ಹುಡುಗಿ ಕುಬುಸ ಮಾಡಿಸಿಕೊಂಡು ಬಂದಾಳಂತಲ್ಲ, ಯಾವ ಮನೆ ಎಂದೆ. ಹ್ಯಾಂಡಲ್ ಒತ್ತುತ್ತಿದ್ದವಳು ಕೈ ನಿಲ್ಲಿಸದೆ, ನೀಲಮ್ಮನ ಏನ್ರೀ, ಅಗಸಿ ಹತ್ರ ಮನಿ ಎಂದು ಊರ ಬಾಗಿಲ ಕಡೆ ಮುಖ ಮಾಡಿ ತೋರಿಸಿದಳು. ಅಷ್ಟೇ. ಮಧ್ಯಾಹ್ನ ಇಬ್ಬರು ಡಾಕ್ಟರರು ಮಾಡಲಾಗದ ಕೆಲಸ ಒಂದು ಕೊಡ ತುಂಬುವುದರೊಳಗೆ ಮುಗಿದಿತ್ತು.

ನೀಲಮ್ಮ ಒಳಗಿನ ಕತ್ತಲೆ ಕೋಣೆಯಲ್ಲಿ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ಆಕೆಯ ತಾಯಿ ಸಂತೋಷದಿಂದಲೇ ನಮ್ಮನ್ನು ಕರೆದಳು.

“ತವರಿಗೆ ಬಂದ ಮ್ಯಾಲೆ ಮೈ ತುಂಬ್ಯಾಳ ನೋಡ್ರಿ. ಬಳಿನೂ ಏರವಲ್ವು.”

ಅದು ತವರಿನ ತುಪ್ಪ ಅಲ್ಲ, ಬಾವು. ಮುಂಗೈ ಒತ್ತಿದರೆ ಬೆರಳು ಇಳಿಯುತ್ತಿತ್ತು. ಒತ್ತಡ ನೂರೆಪ್ಪತ್ತಕ್ಕೆ ನೂರಿಪ್ಪತ್ತು. ಕಣ್ಣಿಗೆ ಮಬ್ಬು ಬರುತ್ತಿದೆ ಎಂದಳು. ನಾನು ತಾಯಿಗೆ ಬಿಡಿಸಿ ಹೇಳಿದೆ, ಹೆದರಿಸಲಿಲ್ಲ, ಮುಚ್ಚಿಡಲೂ ಇಲ್ಲ. ಕೌದಿ ಮಡಚಿ ಜೀಪಿಗೆ ಹಾಸಿದವಳು ಆ ತಾಯಿಯೇ.

ದೀಪ ಹಚ್ಚುವ ಹೊತ್ತಿಗೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹಾಸಿಗೆಗೆ ಸೇರಿಸಿದೆವು. ಅರ್ಧ ತಾಸಿನೊಳಗೆ ಮೊದಲ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಳ್ಳದಂತೆ ಹಿಡಿದವರು ಕೃಷ್ಣಮೂರ್ತಿ, ಇಂಜೆಕ್ಷನ್ ಕೊಟ್ಟವಳು ನಾನು. ಅದೇ ಫಿಟ್ಸ್ ಆ ಕತ್ತಲೆ ಕೋಣೆಯಲ್ಲಿ ಬಂದಿದ್ದರೆ ಎಂಬ ಯೋಚನೆಯಲ್ಲೇ ಇಬ್ಬರೂ ರಾತ್ರಿಯಿಡೀ ಸರದಿಯಲ್ಲಿ ಒತ್ತಡ ನೋಡಿದೆವು. ಒತ್ತಡ ಹಿಡಿತಕ್ಕೆ ಬಂದ ಮೇಲೆ, ಮರುದಿನ ಮಧ್ಯಾಹ್ನ ಹೆರಿಗೆ ಮಾಡಿಸಿದೆವು. ಹೆಣ್ಣು ಮಗು. ಹದಿನೆಂಟು ನೂರು ಗ್ರಾಂ ತೂಕ, ಧ್ವನಿ ಮಾತ್ರ ಇಡೀ ವಾರ್ಡಿಗೆ ಕೇಳುವಷ್ಟು. ಉಳಿದ ಐವರು ಅಧ್ಯಾಪಕರು ಸಿಂಧನೂರಿನಿಂದ ಯಾರೂ ಹೇಳದೆ ಬಂದು ಪಾಳಿ ಹಚ್ಚಿ ತಾಯಿ ಮಗುವನ್ನು ಕಾದರು. ತರಬೇತಿ ಬೇಡವೆಂದು ಮುಖ ಗಂಟು ಹಾಕಿಕೊಂಡು ಬಂದವರು ಅವರೇ ಎಂದರೆ ನಂಬಲಾಗುತ್ತಿರಲಿಲ್ಲ.

ಮೂರನೆಯ ವಾರದ ಕಡೆಯ ತರಗತಿಯಲ್ಲಿ ನಾನು ಸೀಮೆಸುಣ್ಣದ ಕಡ್ಡಿಯನ್ನು ಸಿದ್ದಮ್ಮನ ಕೈಗೆ ಕೊಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತೆ. ಅವರು ಮೊದಲು ಸೆರಗಿನಿಂದ ಬೋರ್ಡು ಒರೆಸಿದರು, ನಂತರ ಒಂದು ತಾಸು ಪ್ರೊಫೆಸರುಗಳಿಗೆ ಪಾಠ ಮಾಡಿದರು. ಕುಬುಸ ಯಾವ ತಿಂಗಳಲ್ಲಿ, ತವರಿಗೆ ಹೋಗುವುದು ಯಾವಾಗ, ಹೆಸರು ಹೇಗೆ ಬದಲಾಗುತ್ತದೆ, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು. ಎಲ್ಲರೂ ಕೂಡಿ ಒಂದು ಚೀಟಿಯ ನಮೂನೆ ತಯಾರಿಸಿದೆವು. ಎರಡು ಊರು, ಎರಡು ಹೆಸರು, ಒತ್ತಡ, ಮೂತ್ರ, ಬಾವು. ಚೀಟಿ ಬಸುರಿಯ ಕೈಯಲ್ಲೇ ಇರಬೇಕು. ಆದರೆ ಕಾಗದ ಕಳೆದುಹೋಗುತ್ತದೆ, ಹೆಂಗಸರು ಜೋಪಾನ ಮಾಡುವುದಿಲ್ಲ ಎಂದು ಸರ್ಜರಿಯವರೊಬ್ಬರು ತಕರಾರು ತೆಗೆದರು.

ಸಿದ್ದಮ್ಮ ನಕ್ಕರು. “ಉಡಿಯಾಗ ಹಾಕಿ ಕಳಸ್ರಿ ಸರ್. ಅಕ್ಕಿ, ಅರಿಷಿಣ ಕೊಂಬು, ಕುಬುಸದ ಖಣದ ಜೋಡಿ. ಉಡಿಯಾಗ ಬಿದ್ದದ್ದನ್ನ ಯಾವ ಹೆಣ್ಮಗಳೂ ಚೆಲ್ಲಂಗಿಲ್ಲ.”

ಕೃಷ್ಣಮೂರ್ತಿ ಎದ್ದು ನಿಂತು ಕೈ ತಟ್ಟಿದರು. ನನ್ನ ವೃತ್ತಿಯಲ್ಲಿ ಪದಕಗಳು ಬಂದಿವೆ, ಸನ್ಮಾನಗಳಾಗಿವೆ. ಆ ದಿನ ಹಿಂದಿನ ಬೆಂಚಿನಲ್ಲಿ ಕೂತು ಪಟ್ಟಷ್ಟು ಹೆಮ್ಮೆಯನ್ನು ನಾನು ಯಾವ ವೇದಿಕೆಯ ಮೇಲೂ ಪಡಲಿಲ್ಲ. ನಮ್ಮ ಕಾಲೇಜಿನ ಕೇಸ್ ಶೀಟಿನಲ್ಲಿ ಮರುವರ್ಷವೇ ‘ತವರೂರು, ಅಲ್ಲಿ ಕರೆಯುವ ಹೆಸರು’ ಎಂಬ ಸಾಲು ಸೇರಿತು. ಅದನ್ನು ಕೇಳದ ವಿದ್ಯಾರ್ಥಿಗೆ ಆರು ಜನ ಅಧ್ಯಾಪಕರೂ ಅಂಕ ಕೊಡುತ್ತಿರಲಿಲ್ಲ.

ರೋಗಿ ಬರಲಿಲ್ಲ ಎಂದು ಬರೆಯುವ ಮೊದಲು ಆಕೆ ಎಲ್ಲಿಗೆ ಹೋದಳೆಂದು ಕೇಳಬೇಕು, ಅದೂ ಗೊತ್ತಿದ್ದವರನ್ನು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಹೇಳಿದರೆ ಸಣ್ಣ ಮಾತು, ಕಲಿಯಲು ಒಂದು ಜೀವ ಪಣಕ್ಕೆ ಬೀಳಬೇಕಾಯಿತು.

ನಾಲ್ಕು ವರ್ಷದ ನಂತರ ಹೊಸ ಅಧ್ಯಾಪಕರ ತಂಡದೊಂದಿಗೆ ಮಸ್ಕಿಗೆ ಹೋಗಿದ್ದೆ. ಸಾಲಿನಲ್ಲಿ ಒಬ್ಬ ಬಸುರಿ, ಸೆರಗು ಹಿಡಿದುಕೊಂಡು ನಿಂತ ಗಟ್ಟಿ ದನಿಯ ಪುಟ್ಟ ಹುಡುಗಿ. ಗುರುತು ಸಿಕ್ಕಿತು, ಮಾತಾಡಿಸಲಿಲ್ಲ. ಅಂದು ಕೆಲಸ ಹೊಸಬರದು. ಒತ್ತಡ ನೂರಿಪ್ಪತ್ತಕ್ಕೆ ಎಂಬತ್ತು ಎಂದು ಓದಿ ಹೇಳಿದ ಎಳೆಯ ಲೆಕ್ಚರರ್, ನಿಮ್ಮ ಹೆಸರೇನಮ್ಮ ಎಂದು ಕೇಳಿದ. ಆಕೆ ಉಡಿಯ ಗಂಟು ಬಿಚ್ಚಿ, ಅಕ್ಕಿಯ ನಡುವಿನಿಂದ ಅರಿಷಿಣ ಹತ್ತಿ ಹಳದಿಯಾದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

“ಇಲ್ಲಿ ನೀಲಮ್ಮ, ಅಲ್ಲಿ ಗೌರಮ್ಮ. ಎರಡೂ ಬರಕೋರಿ ಸರ್,” ಎಂದಳು. “ಹ್ವಾದ ಸಲ ದೊಡ್ಡ ಡಾಕ್ಟರ್ ಮಂದಿಗೆ ಒಂದ ಗೊತ್ತಿತ್ತು.”