ವೀರಗಲ್ಲಿನ ಕೆಳಗಿನ ಪಟ್ಟಿ

ಮೊನ್ನೆ ಮೊಮ್ಮಗನ ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದೆ. ಆ ವಾಸನೆಗೆ ಇದ್ದಕ್ಕಿದ್ದಂತೆ ನಮ್ಮ ಕನ್ನಡ ಮೇಷ್ಟ್ರು ನೆನಪಾದರು. ರಾಜಘಟ್ಟದ ಕಡೆ ಒಂದು ರಾಗಿ ಹೊಲದ ಬದುವಿನಲ್ಲಿ ವೀರಗಲ್ಲೊಂದಿತ್ತು. ಹೊಲದವರು ಅದಕ್ಕೆ ಹರಳೆಣ್ಣೆ ಬಳಿದು, ಅರಿಶಿನ ಮೆತ್ತಿ, ದೇವರು ಮಾಡಿಕೊಂಡಿದ್ದರು.

ದೊಡ್ಡಬಳ್ಳಾಪುರದ ನಮ್ಮ ಹೈಸ್ಕೂಲಿನಲ್ಲಿದ್ದ ಈ ಮೇಷ್ಟ್ರಿಗೆ ಹಳಗನ್ನಡದ ಯುದ್ಧದ ಪದ್ಯಗಳೆಂದರೆ ಪ್ರಾಣ. ಕಾದಾಡಿದ ನೆಲದಲ್ಲಿ ನಿಂತೇ ಅವನ್ನು ಓದಬೇಕು, ಬೆಂಚಿನ ಮೇಲೆ ಕೂತು ಓದಿದರೆ ಅದು ಬರೀ ಮಾರ್ಕ್ಸಿಗೆ ಎನ್ನುತ್ತಿದ್ದರು. ಭಾನುವಾರ ನಮ್ಮನ್ನು ಹೊರಡಿಸಿಕೊಂಡು ಒಮ್ಮೆ ದೇವನಹಳ್ಳಿ ಕೋಟೆಗೆ, ಒಮ್ಮೆ ಈ ಕಲ್ಲಿನ ಹತ್ತಿರಕ್ಕೆ ಹೋಗುತ್ತಿದ್ದರು. ಮಗ್ಗದ ಸದ್ದಿನಲ್ಲಿ ಬೆಳೆದ ನಮಗೆ ಮೆಲ್ಲಗೆ ಹೇಳಿದ್ದು ಕಿವಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಗಂಟಲು ಹರಿಯುವಂತೆ ಓದುತ್ತಿದ್ದರು... ಮೇಯುತ್ತಿದ್ದ ಹಸುಗಳು ತಲೆ ಎತ್ತಿ ನೋಡುತ್ತಿದ್ದವು. ನಮಗೆ ನಗು ತಡೆಯಲು ಆಗುತ್ತಿರಲಿಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ, ಸಾವು. ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು. ಮೇಲೆ ಸ್ವರ್ಗ. ಮೇಷ್ಟ್ರು ಕೆಳಗಿನದನ್ನು ಬೇಗ ಮುಗಿಸಿ ಮೇಲಕ್ಕೆ ಹಾರುತ್ತಿದ್ದರು. "ನೋಡ್ರಯ್ಯಾ, ಸತ್ತೋನು ಸತ್ತೇ ಇಲ್ಲ!" ಎನ್ನುವಾಗ ಅವರ ಕಣ್ಣು ತುಂಬಿ ಬರುತ್ತಿತ್ತು. ನಮ್ಮ ಗುಂಪಿನಲ್ಲಿ ನಗದೆ ಕೇಳುತ್ತಿದ್ದವನು ಒಬ್ಬನೇ, ಅವರ ಮಗ. ನನ್ನ ಓರಗೆಯವನು.

ಅವನು ಸೈನ್ಯಕ್ಕೆ ಸೇರಿದ. ಕೆಲವೇ ವರ್ಷಗಳಲ್ಲಿ ಗಡಿಯಿಂದ ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ ವಾಪಸು ಬಂದ. ಮುಚ್ಚಳ ತೆಗೆಯುವುದು ಬೇಡ ಎಂದರು, ಜೊತೆಯಲ್ಲಿ ಬಂದ ಸೈನಿಕರು. ನೆರೆದವರೆಲ್ಲ ವೀರಸ್ವರ್ಗ, ವೀರಸ್ವರ್ಗ ಎನ್ನುತ್ತಿದ್ದರು. ಮೇಷ್ಟ್ರ ಹೆಂಡತಿ ಅಳಲಿಲ್ಲ. ಗಂಡನ ಕಡೆ ತಿರುಗಿ, "ಓದೀ ಓದೀ ಕಳಿಸ್ಬಿಟ್ರಲ್ಲ ನನ್ ಮಗನ್ನ" ಎಂದರು. ಮೇಷ್ಟ್ರು ತಲೆ ತಗ್ಗಿಸಿದವರು ಎತ್ತಲೇ ಇಲ್ಲ.

ವರ್ಷ ಕಳೆದ ಮೇಲೆ ಒಂದು ಭಾನುವಾರ ನನ್ನನ್ನು ಮತ್ತೆ ಆ ಹೊಲಕ್ಕೆ ಕರೆದುಕೊಂಡು ಹೋದರು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಂಚೆಯ ಅಂಚಿನಿಂದ ಕೆಳಗಿನ ಪಟ್ಟಿಯ ಎಣ್ಣೆಜಿಡ್ಡು ಒರೆಸತೊಡಗಿದರು. ಎದೆಗೆ ನೆಟ್ಟ ಬಾಣ ಕಂಡಿತು. ಕುದುರೆಯ ಕಾಲಡಿ ಬಿದ್ದವನ ತೆರೆದ ಬಾಯಿ ಕಂಡಿತು... ಅಷ್ಟು ಸಲ ಹೋಗಿದ್ದರೂ ಅದನ್ನೆಲ್ಲ ನಾನು ನೋಡಿಯೇ ಇರಲಿಲ್ಲ. ಮೇಷ್ಟ್ರು ಪದ್ಯ ಓದಲಿಲ್ಲ.

"ಇಷ್ಟೇ ಕಣಪ್ಪಾ ನಡೆದಿದ್ದು" ಎಂದರು. "ಮೇಲಿಂದೆಲ್ಲ ಉಳಿದೋರು ತಮ್ಮ ಸಮಾಧಾನಕ್ಕೆ ಕೆತ್ತಿಸ್ಕೊಂಡಿರೋದು."

ಆಮೇಲೆ ಪಾಠದಲ್ಲಿ ಯುದ್ಧದ ಪದ್ಯ ಬಂದರೆ ಅರ್ಥ ಬರೆಸಿ ಸುಮ್ಮನಾಗುತ್ತಿದ್ದರಂತೆ. ಈಗ ಗಂಡ ಹೆಂಡತಿ ಇಬ್ಬರೂ ಇಲ್ಲ.

ಮನಸ್ಸು ತಡೆಯದೆ ನಿನ್ನೆ ಆ ಕಡೆ ಹೋಗಿದ್ದೆ. ಹೊಲ ಲೇಔಟ್ ಆಗಿದೆ. ಕಲ್ಲನ್ನು ಮಾತ್ರ ಭಕ್ತಿಯಿಂದ ಉಳಿಸಿಕೊಂಡಿದ್ದಾರೆ. ಸುತ್ತ ಟೈಲ್ಸ್ ಹಾಕಿದ ಕಟ್ಟೆ, ಮೇಲೆ ಶೀಟು, ಅಪ್ಸರೆಯರಿಗೆ ಚಿನ್ನದ ಬಣ್ಣ. ಕಲ್ಲು ಅಲುಗಾಡದಿರಲೆಂದು ಕೆಳಗಿನ ಪಟ್ಟಿಯನ್ನು ಪೂರ್ತಿ ಸಿಮೆಂಟಿನಲ್ಲಿ ಹೂತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರನ್ನು ಬೈಯುವುದು? ಅವರಿಗೆ ಅದು ದೇವರು.

ಕಟ್ಟೆಗೆ ನೀರು ಹಾಕಿ ತೊಳೆಯುತ್ತಿದ್ದ ಹೆಂಗಸು, "ಚೆನ್ನಾಗ್ ಮಾಡಿಸಿದೀವಿ ಅಲ್ವಾ ಅಣ್ಣಾ?" ಎಂದು ಕೇಳಿದಳು.

"ಚೆನ್ನಾಗಿದೆ ತಾಯಿ" ಎಂದೆ. ಬಗ್ಗಿ ಸಿಮೆಂಟನ್ನು ಸವರಿ ನೋಡಿದೆ. ಮೇಷ್ಟ್ರು ಪಂಚೆಯಲ್ಲಿ ಒರೆಸಿದ ಜಾಗ ಎಲ್ಲಿತ್ತೆಂದು ಗುರುತೇ ಸಿಗಲಿಲ್ಲ.