ತಂಗಿಯ ಸಕ್ಕರೆ ಡಬ್ಬಿ

ಕಟಕಟ, ಕಟಕಟ. ಸ್ಟೀಲ್ ಡಬ್ಬಿಯೊಳಗೆ ಸಕ್ಕರೆ ಕ್ಯೂಬುಗಳು ಹೊರಳುವ ಸದ್ದು. ಗುಬ್ಬಿಯಿಂದ ತಂಗಿ ತುಮಕೂರಿನ ನಮ್ಮ ಮನೆಗೆ ಬಂದರೆ, ಕಾಲಿಂಗ್ ಬೆಲ್‌ಗಿಂತ ಮೊದಲು ಅವಳ ವ್ಯಾನಿಟಿ ಬ್ಯಾಗಿನ ಆ ಸದ್ದು ಮೆಟ್ಟಿಲು ಹತ್ತುತ್ತಿತ್ತು.

ಡಬ್ಬಿ ಕೊಟ್ಟವಳು ನಾನೇ. ಟೀಚರ್ ಕೆಲಸದಿಂದ ರಿಟೈರ್ ಆದ ವರ್ಷವೇ ಅವಳಿಗೆ ಡಯಾಬಿಟಿಸ್ ಎಂದಾಯಿತು. ಅದೂ ಮಕ್ಕಳಿಗಷ್ಟೇ ಬರುತ್ತದೆಂದು ನಾವು ತಿಳಿದಿದ್ದ ಟೈಪ್ ಒನ್. ಈ ವಯಸ್ಸಿನಲ್ಲೂ ಬರುತ್ತದೆ, ಮಾತ್ರೆ ಸಾಲದು, ಇನ್ಸುಲಿನ್ನೇ ಬೇಕು ಎಂದರು ಡಾಕ್ಟರು. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಊಟ ತಡವಾದರೆ ಶುಗರ್ ಇಳಿಯುತ್ತದೆ; ಕೈ ನಡುಗಿದರೆ, ಬೆವರಿದರೆ, ಯಾರಿಗೂ ಕಾಯದೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ ಎಂದೂ ಹೇಳಿದರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಟೀ ಟ್ರೇಯಲ್ಲಿ ನಾವಿಬ್ಬರೂ ಆಸೆಯಿಂದ ನೋಡುತ್ತಿದ್ದ ಬಿಳಿ ಕ್ಯೂಬುಗಳು ನನಗೆ ನೆನಪಾದವು. ಅಂಥವನ್ನೇ ಹುಡುಕಿ ತಂದು ಅಮ್ಮನ ಅಡಿಕೆ ಡಬ್ಬಿಗೆ ತುಂಬಿಕೊಟ್ಟೆ. ಔಷಧಿ ಅಂದರೆ ಹೀಗಿರಬೇಕು ಎಂದು ತಂಗಿ ನಕ್ಕಿದ್ದಳು.

ಕುಣಿಗಲ್ಲಿನಲ್ಲಿ ಅವಳ ವಾರಗಿತ್ತಿಯ ಮಗಳ ಮದುವೆ. ಎಲೆ ಹಾಕುತ್ತಿದ್ದಾರೆ ಎಂದದ್ದನ್ನು ನಂಬಿ ತಂಗಿ ಒಳಗೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡಳು. ಆದರೆ ನಾವು ಹೆಣ್ಣಿನ ಕಡೆಯವರು. ಗಂಡಿನ ಕಡೆಯವರ ಊಟವಾಗದೆ ಕೂರುವಂತಿಲ್ಲ. ಅವರದು ಇನ್ನೊಂದು ಬಸ್ಸು ಬಂತು, ಇನ್ನೊಂದು ಪಂಕ್ತಿ ಕೂತಿತು. ತಂಗಿಯ ಹಣೆ ಬೆವರಿ ಕುಂಕುಮ ಇಳಿಯಿತು. ಡಬ್ಬಿ ತೆಗೆದು ನಡುಗುವ ಕೈಯಲ್ಲಿ ಗಬಗಬನೆ ಕ್ಯೂಬು ತುಂಬಿಕೊಳ್ಳುತ್ತಿದ್ದಾಗ ವಾರಗಿತ್ತಿ ಕಂಡಳು.

"ಏನಕ್ಕಾ, ಶುಗರು ಅಂತ ಕಾಫಿಗೆ ಸಕ್ಕರೆ ಬ್ಯಾಡ ಅಂದ್ಬುಟ್ಟು ಇಲ್ಲಿ ಕದ್ದು ಮುಕ್ತಾ ಇದೀಯಲ್ಲ. ಡಾಕ್ಟ್ರಿಗೆ ಹೇಳ್ಲಾ?"

ಸುತ್ತಲಿದ್ದವರೆಲ್ಲ ನಕ್ಕರು. ಕೆಟ್ಟ ನಗುವಲ್ಲ, ಮದುವೆಮನೆಯ ನಗು. ನಾನು ಎದ್ದು ನಿಂತು, ಇದು ಲೋ ಶುಗರ್, ಈಗ ಸಕ್ಕರೆಯೇ ಮೆಡಿಸಿನ್ ಎಂದು ಲೆಕ್ಚರ್ ಕೊಟ್ಟೆ. ಗಂಡಿನ ಕಡೆಯವರೂ ತಿರುಗಿ ನೋಡಿದರು. ಜೀವನವಿಡೀ ಕ್ಲಾಸಿನ ಮುಂದೆ ತಲೆ ಎತ್ತಿ ನಿಂತವಳು, ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಸೆರಗು ಅಡ್ಡ ಹಿಡಿದಳು.

ಅಲ್ಲಿಂದಾಚೆಗೆ ಮನೆಯಲ್ಲಾದರೆ ತಿಂತೀನಿ, ಜನರ ಮುಂದೆ ಆಗೋಲ್ಲ ಎನ್ನತೊಡಗಿದಳು. ಫೋನಿನಲ್ಲಿ ಬೈದೆ, ಬೇಡಿಕೊಂಡೆ.

ಗುಬ್ಬಿಯಲ್ಲಿ ಪಕ್ಕದ ಮನೆಯವರ ಸತ್ಯನಾರಾಯಣ ಪೂಜೆಗೆ ಇಂಜೆಕ್ಷನ್ ತೆಗೆದುಕೊಂಡೇ ಹೋಗಿದ್ದಳಂತೆ. ಕಥೆ ಮುಗಿದಿರಲಿಲ್ಲ, ಮಂಗಳಾರತಿ ಆಗಿರಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದ್ದನ್ನು ಕಂಡವರು ಭಕ್ತಿ ಎಂದುಕೊಂಡರು. ಪ್ರಸಾದ ಹಂಚುತ್ತಾ ಬಂದವರು ಭುಜ ಮುಟ್ಟಿದಾಗ ಪಕ್ಕಕ್ಕೆ ವಾಲಿದಳು. ಫಿಟ್ಸ್ ಬಂತು. ತುಮಕೂರಿನ ಆಸ್ಪತ್ರೆಗೆ ತರುವ ಹೊತ್ತಿಗೆ ಉಸಿರೊಂದು ಉಳಿದಿತ್ತು, ಮಾರನೆಯ ದಿನ ಅದೂ ನಿಂತಿತು. ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಡಬ್ಬಿಯೊಳಗೆ ಒಂದು ಕ್ಯೂಬೂ ಕದಲಿರಲಿಲ್ಲ.

ಶುಗರ್ ಜಾಸ್ತಿಯಾಗಿ ಹೋದಳು ಎಂದು ನೆಂಟರು ಈಗಲೂ ಹೇಳುತ್ತಾರೆ. ನಾನು ಕರೆಕ್ಟ್ ಮಾಡುವುದನ್ನು ಬಿಟ್ಟಿದ್ದೇನೆ. ಕಾನ್ವೆಂಟಿನ ಪ್ರೇಯರೂ ಅಮ್ಮ ಕಲಿಸಿದ ಶ್ಲೋಕವೂ ಬಾಯಿಗೆ ಬರುವುದಿಲ್ಲ.

ಮಾತಾಡುವ ತಂಗಿಯನ್ನು ನಾನು ಕೊನೆಯ ಸಲ ನೋಡಿದ್ದು ಆ ಪೂಜೆಯ ಹಿಂದಿನ ವಾರ, ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ. ಚೆಕಪ್ ಮುಗಿಸಿ ಗುಬ್ಬಿ ಬಸ್ಸು ಹತ್ತುತ್ತಿದ್ದಳು. ನೂಕುನುಗ್ಗಲಲ್ಲಿ ಬ್ಯಾಗು ಬಾಗಿಲ ಕಂಬಿಗೆ ಬಡಿಯಿತು. ಸದ್ದು ಬರಲಿಲ್ಲ. ಡಬ್ಬಿ ಎಲ್ಲೇ ಎಂದು ಕೆಳಗಿನಿಂದ ಕೇಳಿದೆ. ಕಿಟಕಿ ಪಕ್ಕ ಕೂತು ಬ್ಯಾಗು ತಟ್ಟಿ ತೋರಿಸಿದಳು.

"ಇದೆ ಕಣೇ ಅಕ್ಕ. ಹತ್ತಿ ತುಂಬಿದೀನಿ. ಸದ್ದಾದ್ರೆ ಎಲ್ಲಾ ತಿರುಗಿ ನೋಡ್ತಾರೆ."

ಬಸ್ಸು ಹೊರಟಿತು. ಒಂದು ಕೈಯಲ್ಲಿ ಬ್ಯಾಗನ್ನು ಎದೆಗವಚಿಕೊಂಡು, ಇನ್ನೊಂದು ಕೈಯನ್ನು ಕಿಟಕಿಯಿಂದ ಆಚೆ ಬೀಸುತ್ತಿದ್ದಳು.